ರಿಪೇರಿಯಾಗಿ ಬಂದ ಚಪ್ಪಲಿ

ಬಾಗಿಲು ತೆಗೆದ ದೊಡ್ಡಮ್ಮ ಕಿರುಚಲಿಲ್ಲ. ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಮೆಲ್ಲಗೆ ನೆಲಕ್ಕಿಟ್ಟರು. ಬಾಗಿಲು ಮುಚ್ಚಿ ಚಿಲಕ ಹಾಕಿದರು. ಆಮೇಲೆ ಫೋನ್ ಎತ್ತಿಕೊಂಡರು.

"ಬೇಗ ಬಾರೇ. ಮೆಟ್ಟಿಲ ಮೇಲೆ ಚಪ್ಪಲಿ ಇದೆ."

"ಮೆಟ್ಟಿಲ ಮೇಲೆ ಚಪ್ಪಲಿ ಇರ್ದೆ ಸೋಫಾ ಇರುತ್ತಾ ದೊಡ್ಡಮ್ಮಾ?"

"ಟೀಚರ್ ಚಪ್ಪಲಿ ಕಣೇ. ಆ ಮನೇಲಿ ಬಿಟ್ಟು ಬಂದಿದ್ಲಲ್ಲ, ಅದು."

ಆ ಕಡೆ ಫೋನ್ ಹಿಡಿದವಳು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಸ್ಕೂಟರ್ ಕೀ ಹುಡುಕುತ್ತಿದ್ದಳು.

ಅವಳನ್ನು ಊರಿನ ಹೆಂಗಸರು ಕಾರ್ಡಕ್ಕ ಅನ್ನುತ್ತಿದ್ದರು. ಬ್ಯೂಟಿ ಪಾರ್ಲರ್, ಹೆಂಗಸರ ದವಾಖಾನೆ, ಹೊಲಿಗೆ ಅಂಗಡಿ, ಗಂಡಸರು ಕಾಲಿಡದ ಜಾಗ ಎಲ್ಲಿದ್ದರೂ ಅಲ್ಲಿ ಬೆರಳುಗಾತ್ರದ ಕಾರ್ಡ್ ಇಟ್ಟು ಬರುವುದು ಅವಳ ಕೆಲಸ. ಕಾರ್ಡಿನಲ್ಲಿ ಒಂದು ಫೋನ್ ನಂಬರ್, ಅಷ್ಟೇ. ಮನೆಯಲ್ಲಿ ಏಟು ತಿನ್ನುವವಳು ಅದಕ್ಕೆ ಫೋನ್ ಮಾಡಿದರೆ ಕಾರ್ಡಕ್ಕ ಎತ್ತುತ್ತಾಳೆ. ಆಸ್ಪತ್ರೆ, ಪೊಲೀಸ್, ಕೋರ್ಟು, ಎಲ್ಲ ಕಡೆಯೂ ಜೊತೆಗೆ ಹೋಗುತ್ತಾಳೆ. ಹೋಗಲು ಜಾಗವೇ ಇಲ್ಲ ಅಂದರೆ ದೊಡ್ಡಮ್ಮ ನೋಡಿಕೊಳ್ಳುವ ಈ ಮನೆಗೆ ತಂದು ಬಿಡುತ್ತಾಳೆ.

ಮನೆಗೆ ಬೋರ್ಡಿಲ್ಲ. ಪರದೆ ಸರಿಸುವುದಿಲ್ಲ. ಬಟ್ಟೆ ಒಣಹಾಕುವುದು ಹಿತ್ತಲಲ್ಲಿ. ವಿಳಾಸ ಹೊರಗೆ ಹೋಗಬಾರದು ಅನ್ನುವುದೇ ಆ ಮನೆಯ ಮೊದಲ ನಿಯಮ.

ಆ ವಿಳಾಸಕ್ಕೆ ಇವತ್ತು ಚಪ್ಪಲಿ ಬಂದಿತ್ತು.

* * *

ಕೆಂಪು ಚಪ್ಪಲಿ. ಹಿಮ್ಮಡಿ ಸವೆದಿತ್ತು. ಮನೆಯ ಹೆಂಗಸರ ನೀಲಿ ಚಪ್ಪಲಿಗಳ ಸಾಲಿನ ತುದಿಯಲ್ಲಿ, ಜೋಡಿ ಒಂದಕ್ಕೊಂದು ಅಂಟಿಕೊಂಡ ಹಾಗೆ, ನೀಟಾಗಿ ಇಟ್ಟಿದ್ದರು.

"ನಂದೇ," ಅಂದಳು ಟೀಚರ್. ನರ್ಸರಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಗಂಡ ಎಡಗೈ ಮುರಿದ ಮೇಲೆ ಇಲ್ಲಿಗೆ ಬಂದಿದ್ದಳು. "ಓಡುವಾಗ ಮಹಡಿ ಮೆಟ್ಟಿಲ ಮೇಲೆ ಇದರ ಪಟ್ಟಿ ಕಿತ್ತೋಯ್ತು. ಅಲ್ಲೇ ಬಿಟ್ಟು ಬರಿಗಾಲಲ್ಲಿ ಬಂದೆ."

"ಈಗ ಕಿತ್ತಿಲ್ವಲ್ಲ," ಅಂದಳು ಕಾರ್ಡಕ್ಕ.

ಹೌದು. ಪಟ್ಟಿಯನ್ನು ಯಾರೋ ಸರಿಮಾಡಿದ್ದರು. ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿ, ಸುತ್ತಿನ ಪಕ್ಕ ಸುತ್ತು. ಕೀಳದಿದ್ದ ಇನ್ನೊಂದು ಕಾಲಿನದಕ್ಕೂ ಹಾಗೇ ಸುತ್ತಿದ್ದರು.

ಟೀಚರ್ ಅದನ್ನು ನೋಡಿದಳು. ತುಟಿ ಬಿಳಿಚಿತು. ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬತೊಡಗಿದಳು.

"ಏನ್ ಮಾಡ್ತಿದೀಯಾ? ಮಧ್ಯಾಹ್ನ ಕೋರ್ಟಿದೆ!"

"ಕೋರ್ಟಿಗೆ ಬರಲ್ಲ ಅಕ್ಕ. ವಾಪಸ್ ಹೋಗ್ತೀನಿ."

"ಇವತ್ತು ನೀನು ಹೇಳಿಕೆ ಕೊಡ್ದಿದ್ರೆ ಅವನ ಮೇಲಿರೋ ಆರ್ಡರ್ ಬಿದ್ದೋಗುತ್ತೆ. ನಿನ್ನ ಹತ್ರ ಸುಳೀಬಾರ್ದು ಅನ್ನೋಕೆ ಆಮೇಲೆ ಯಾವ ಕಾಗದಾನೂ ಇರಲ್ಲ."

"ಇದ್ದು ಏನಾಯ್ತು?" ಟೀಚರ್ ತಿರುಗಿದಳು. "ಈ ಮನೆ ಅಡ್ರೆಸ್ ಗೊತ್ತಿರೋದು ನಿಮಗೆ, ದೊಡ್ಡಮ್ಮಂಗೆ, ಆಟೋ ಮಾವಂಗೆ. ನಿಮ್ಮಲ್ಲಿ ಯಾರೋ ಹೇಳಿದೀರ. ಯಾರು ಅಂತ ಗೊತ್ತಿಲ್ದೆ ನಾನಿಲ್ಲಿ ಹೆಂಗೆ ಕಣ್ಣು ಮುಚ್ಲಿ? ಅಲ್ಲಾದ್ರೆ ಹೊಡೆಯೋನು ಯಾರು ಅಂತನಾದ್ರೂ ಗೊತ್ತು."

ಕಾರ್ಡಕ್ಕ ನೋಡಿದ್ದು ದೊಡ್ಡಮ್ಮನನ್ನು. ದೊಡ್ಡಮ್ಮ ನೋಡಿದ್ದು ಅವಳನ್ನು. ಇಬ್ಬರೂ ಒಂದೇ ಸಲ ಕಣ್ಣು ತಪ್ಪಿಸಿದರು. ಹಾಗೆ ತಪ್ಪಿಸಿದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು.

"ಮಧ್ಯಾಹ್ನದವರೆಗೆ ಟೈಮ್ ಕೊಡು. ಯಾರು ಅಂತ ಹೇಳ್ತೀನಿ."

"ನೀವೇ ಆಗಿದ್ರೆ?"

"ಆಗ್ಲೂ ಹೇಳ್ತೀನಿ."

* * *

"ಚಪ್ಪಲಿ ಕಳೆದ್ರೆ ಕಂಪ್ಲೇಂಟ್ ಕೊಡೋರನ್ನ ನೋಡಿದೀನಿ," ಅಂದರು ಇನ್ಸ್‌ಪೆಕ್ಟರ್. "ಸಿಕ್ಕಿದ್ರೂ ಕೊಡ್ತಾರಾ?"

ಕಾರ್ಡಕ್ಕನ ಫೋನ್ ಕೇಳಿ ಮನೆಗೇ ಬಂದಿದ್ದರು. ಟೀಚರ್ ಕೇಸು ಮೊದಲಿನಿಂದ ಅವರದೇ. ಮಾತು ಒರಟು, ಮನುಷ್ಯ ಕೆಟ್ಟವರಲ್ಲ. ಚಪ್ಪಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಯಾವಾಗ ಇಟ್ರು?"

"ಬೆಳಗ್ಗೆ ನಾನು ಮೆಟ್ಟಿಲು ಗುಡಿಸ್ದಾಗ ಇರ್ಲಿಲ್ಲ," ಅಂದರು ದೊಡ್ಡಮ್ಮ. "ಹಾಲು ತರೋಣ ಅಂತ ಬಾಗಿಲು ತೆಗೆದ್ರೆ ಇತ್ತು."

"ಗಂಡನೇ ಇಟ್ಟಿರ್ಬೇಕು," ಅಂದಳು ಕಾರ್ಡಕ್ಕ.

"ಬರುವಾಗ್ಲೇ ವಿಚಾರಿಸ್ಕೊಂಡು ಬಂದೆ. ಬೆಳಗ್ಗೆಯಿಂದ ತನ್ನ ಪಂಪು ರಿಪೇರಿ ವರ್ಕ್‌ಶಾಪಲ್ಲೇ ಇದ್ನಂತೆ. ಮೋಟರ್ ಸದ್ದು ಒಂದೇ ಸಮ ಕೇಳ್ತಿತ್ತು ಅಂತ ಪಕ್ಕದ ಟೀ ಅಂಗಡಿಯೋನು ಹೇಳ್ದ. ಇನ್ನೊಂದು ವಿಷ್ಯ. ಹೆದರ್ಸೋಕೆ ಬಂದೋನು ಕಲ್ಲು ಹೊಡೀತಾನೆ, ಗಾಜು ಒಡೀತಾನೆ. ಚಪ್ಪಲಿ ರಿಪೇರಿ ಮಾಡ್ಸಿ ತಂದಿಡ್ತಾನಾ? ಇದು ಪ್ರೀತಿ ಇರೋರ ಕೆಲ್ಸ ಕಣಮ್ಮ."

ಮಾತಿನಲ್ಲಿ ಹುರುಳಿತ್ತು. ಆದರೂ ಕಾರ್ಡಕ್ಕನ ತಲೆಯೊಳಗೆ ಎಲ್ಲ ಕಲಸುಮೇಲೋಗರವಾಯಿತು. ಪ್ರೀತಿಯಿಂದ ತಂದವರು ಬಾಗಿಲು ಯಾಕೆ ತಟ್ಟಲಿಲ್ಲ?

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಆಟೋ ನಿಲ್ಲಿಸಿ ಒಬ್ಬ ನಡೆದು ಬಂದ. ಮನೆಯ ಹೆಂಗಸರನ್ನು ಅಲ್ಲಿಂದಿಲ್ಲಿಗೆ ಕರೆದೊಯ್ಯುವ ಆಟೋ ಮಾವ. ವಿಷಯ ಕೇಳಿ ಅವನ ಮುಖ ಬಾಡಿತು.

"ನೀನು ತಿರುವಿನವರೆಗೆ ಮಾತ್ರ ತಾನೇ ಬಿಡೋದು?" ಇನ್ಸ್‌ಪೆಕ್ಟರ್ ಕೇಳಿದರು.

"ಹೌದು ಸಾರ್... ಮಾಮೂಲಾಗಿ."

"ಮಾಮೂಲಾಗಿ ಅಂದ್ರೆ?"

"ಟೀಚರಮ್ಮ ಬಂದ ದಿನ ಕೈಗೆ ಪಟ್ಟಿ ಹಾಕಿದ್ರಲ್ಲ ಸಾರ್. ನಡೆಸೋಕೆ ಮನಸ್ಸಾಗ್ಲಿಲ್ಲ. ಬಾಗಿಲಿಗೇ ಬಿಟ್ಟೆ."

ದೊಡ್ಡಮ್ಮ ಕೆಂಡವಾದರು. "ನಿಯಮ ಅಂತ ಇರೋದು ಯಾಕೋ? ನಿನ್ನ ಆಟೋ ಹಿಂದೆ ಯಾರು ಬಂದ್ರೋ, ಯಾರು ನೋಡಿದ್ರೋ! ಇನ್ಮೇಲೆ ಈ ಕಡೆ ತಲೆ ಹಾಕ್ಬೇಡ."

ಮಾವ ಏನೋ ಹೇಳಲು ಬಾಯಿ ತೆರೆದ. ಕಿಟಕಿಯ ಪರದೆ ಸಂದಿಯಿಂದ ಟೀಚರ್ ತನ್ನನ್ನೇ ನೋಡುತ್ತಿರುವುದು ಕಂಡಿತು. ಬಾಯಿ ಮುಚ್ಚಿಕೊಂಡು ಆಟೋ ಕಡೆ ನಡೆದ.

ಗಂಡ ಹಿಂಬಾಲಿಸಿದ್ದರೆ ಅವತ್ತೇ ಬರುತ್ತಿದ್ದನಲ್ಲ, ಇಷ್ಟು ದಿನ ಯಾಕೆ ಕಾದ? ಕಾರ್ಡಕ್ಕನಿಗೆ ಇದು ಹೊಳೆಯುವಷ್ಟರಲ್ಲಿ ಆಟೋ ಹೊರಟುಹೋಗಿತ್ತು.

* * *

ಪ್ರೀತಿ ಇರುವವರು ಅಂದರೆ ತಾಯಿ. ಇನ್ಸ್‌ಪೆಕ್ಟರ್ ಜೀಪನ್ನು ಅಲ್ಲಿಗೇ ಬಿಟ್ಟರು. ಮಗಳು ಎಲ್ಲಿದ್ದಾಳೆಂದು ತಾಯಿಗೂ ಹೇಳಿರಲಿಲ್ಲ.

"ನಾನ್ಯಾಕೆ ಇಡ್ಲಿ?" ತಾಯಿ ಗಾಬರಿಯಾದರು. "ಎಲ್ಲಿದಾಳೆ ಅಂತ ಗೊತ್ತಿದ್ರೆ ಚಪ್ಪಲಿ ಇಟ್ಟು ಬರ್ತಿದ್ನಾ? ಕೈ ಹಿಡ್ಕೊಂಡು ಗಂಡನ ಮನೆಗೆ ಬಿಟ್ಟು ಬರ್ತಿದ್ದೆ."

"ಕೈ ಮುರಿದಿದೆಯಲ್ಲಮ್ಮ, ಯಾವ ಕೈ ಹಿಡ್ಕೊಳ್ತೀರ?" ಕಾರ್ಡಕ್ಕ ತಡೆಯಲಾರದೆ ಅಂದಳು.

"ಸಿಟ್ಟು ಯಾರಿಗೆ ಬರಲ್ಲಮ್ಮ? ಆದ್ರೆ ನನ್ನ ಅಳಿಯನ ಹಾಗೆ ಮರುಗೋರನ್ನ ನಾನು ನೋಡಿಲ್ಲ. ಹೋದ ಸಲ ಕೋರ್ಟಲ್ಲಿ ಪಾಪ, ಎದುರು ಬೆಂಚಲ್ಲಿ ಕೂತು, ಬಗ್ಗಿಸಿದ ತಲೆ ಎತ್ತಲಿಲ್ಲ. ಕಣ್ಣು ನೆಲದ ಮೇಲೇ. ಇವಳು ಇಬ್ರು ಹೆಂಗಸರನ್ನ ಆ ಕಡೆ ಈ ಕಡೆ ಕೂರಿಸ್ಕೊಂಡು ಗಂಡನ ಕಡೆ ತಿರುಗಿ ನೋಡ್ಲಿಲ್ಲ. ಅವನೋ, ಸಿಟ್ಟಲ್ಲಿ ಏನಾದ್ರೂ ಒಡೆದ್ರೆ ಮಾರನೇ ದಿನ ತಾನೇ ಕೂತು ಸರಿಮಾಡ್ತಾನೆ. ಬಾಗಿಲು, ಮಿಕ್ಸಿ, ಗೋಡೆ ಗಡಿಯಾರ. ಬಂಗಾರದಂಥ ಕೈ ಕಣಮ್ಮ. ನೋಡಿ, ನಮ್ಮ ಫ್ಯಾನೂ ಅವಂದೇ ರಿಪೇರಿ."

ಕಾರ್ಡಕ್ಕ ನೋಡಿದಳು. ಟೇಬಲ್ ಫ್ಯಾನಿನ ಜಾಲರಿ ಮುರಿದ ಕಡೆ ತಾಮ್ರದ ತಂತಿ ಸುತ್ತಿತ್ತು. ಸುತ್ತಿನ ಪಕ್ಕ ಸುತ್ತು. ಎಳ್ಳಷ್ಟೂ ಸಂದಿಲ್ಲ.

ಅವಳು ಇನ್ಸ್‌ಪೆಕ್ಟರಿಗೆ ಕಣ್ಸನ್ನೆ ಮಾಡಿ ಎದ್ದಳು.

"ಸಾರ್," ಅಂದಳು ಜೀಪು ಹತ್ತುತ್ತಾ, "ನೀವು ಹೇಳಿದ್ದು ತಿರುಗಾ ಮುರುಗಾ ಆಗಿದೆ. ನಾನು ಮನೆ ಮನೆ ಸುತ್ತೋಳು. ಹೊಡೆದ ಮಾರನೇ ದಿನ ಕೆಲವರು ಸ್ವೀಟ್ ತರ್ತಾರೆ. ಕೆಲವರು ಕಾಲಿಗೆ ಬೀಳ್ತಾರೆ. ಇವನು ರಿಪೇರಿ ಮಾಡ್ತಾನೆ. ಚಪ್ಪಲಿ ನೋಡಿ ಟೀಚರ್ ಹೆದರ್ಲಿಲ್ಲ, ತಂತಿ ನೋಡಿ ಹೆದರಿದ್ಲು. ಕಲ್ಲು ಹೊಡೆದಿದ್ರೆ ಅವಳು ಕೋರ್ಟಿಗೆ ಬರ್ತಿದ್ಲು. ಇದು 'ಆಯ್ತಲ್ಲ, ಸರಿಮಾಡಿದೀನಿ, ಮನೆಗೆ ನಡಿ' ಅನ್ನೋ ಹುಕುಂ."

ಇನ್ಸ್‌ಪೆಕ್ಟರ್ ಬಲಗಾಲಿನ ಚಪ್ಪಲಿಯ ತಂತಿಯನ್ನು ಬಿಚ್ಚಿದರು. ತಮ್ಮ ದಪ್ಪ ಬೆರಳುಗಳಿಂದ ಮತ್ತೆ ಸುತ್ತಿದರು. ಸುತ್ತಿನ ಮೇಲೆ ಸುತ್ತು ಬಿತ್ತು. ಮಗು ಕಟ್ಟಿದ ಗಂಟಿನ ಹಾಗಾಯಿತು.

"ಅಯ್ಯೋ ಸಾರ್, ಸಾಕ್ಷಿ ಹಾಳು ಮಾಡಿದ್ರಲ್ಲ!"

"ಎಡಗಾಲಿಂದು ಹಂಗೇ ಇದೆ, ಫೋಟೋನೂ ತೆಗ್ದಿದೀನಿ. ನೀವು ಬಾಯಿ ಮುಚ್ಕೊಂಡು ಜೀಪಲ್ಲಿ ಕೂತಿರಿ."

* * *

ವರ್ಕ್‌ಶಾಪಿನ ತುಂಬ ವಾರ್ನಿಷ್ ವಾಸನೆ. ಗೋಡೆಗೆ ಒರಗಿಸಿದ ಪಂಪುಗಳು, ರೆಕ್ಕೆ ಕಳಚಿದ ಫ್ಯಾನುಗಳು. ಮೂಲೆಯಲ್ಲಿ ಒಂದು ಮೋಟರ್ ತನ್ನಷ್ಟಕ್ಕೆ ಗುಂಯ್ ಅನ್ನುತ್ತಿತ್ತು. ಶಟರ್ ಎದುರಿಗೇ ಜೀಪು. ಕಾರ್ಡಕ್ಕನಿಗೆ ಎಲ್ಲ ಕಾಣುತ್ತಿತ್ತು, ಕೇಳುತ್ತಲೂ ಇತ್ತು.

ಗಂಡ ಎದ್ದು ನಿಂತ. ಸ್ಟೂಲ್ ಒರೆಸಿಕೊಟ್ಟ. ಮೆತ್ತಗಿನ ದನಿ. "ಟೀ ತರಿಸ್ಲಾ ಸಾರ್?"

"ಬೇಡ. ಆ ಮೋಟರ್ ಯಾಕೆ ಸುಮ್ನೆ ಓಡ್ತಿದೆ?"

"ತಂತಿ ಸುತ್ತಿ ವೈಂಡಿಂಗ್ ಮುಗಿದ್ಮೇಲೆ ಟೆಸ್ಟಿಗೆ ಬಿಡ್ತೀವಿ ಸಾರ್. ಬಿಸಿಯಾಗುತ್ತಾ ನೋಡ್ಬೇಕಲ್ಲ, ಗಂಟೆಗಟ್ಟಲೆ ಓಡ್ಬೇಕು."

"ನೀನು ಪಕ್ಕದಲ್ಲಿ ಇರ್ಬೇಕಾ?"

"ಏನೂ ಬೇಡ, ಅದರ ಪಾಡಿಗೆ..." ಅವನು ಅಲ್ಲಿಗೇ ನಿಲ್ಲಿಸಿದ.

ಕಾರ್ಡಕ್ಕ ತೊಡೆ ತಟ್ಟಿಕೊಂಡಳು. ಟೀ ಅಂಗಡಿಯವನು ಕೇಳಿದ್ದು ಮೋಟರನ್ನು. ಮನುಷ್ಯನನ್ನಲ್ಲ.

ಇನ್ಸ್‌ಪೆಕ್ಟರ್ ಚಪ್ಪಲಿಗಳನ್ನು ಮೇಜಿನ ಮೇಲಿಟ್ಟರು.

"ಇದು ಗೊತ್ತಾ?"

"ನನ್ನ ಹೆಂಡ್ತೀದು. ಹೋಗುವಾಗ ಹಾಕ್ಕೊಂಡೇ ಹೋದ್ಲು ಸಾರ್. ಅವತ್ತಿನಿಂದ ನಾನು ಇದನ್ನ ನೋಡೇ ಇಲ್ಲ."

"ಆಗ್ಲಿ ಬಿಡು. ನಮ್ಮ ಸ್ಟೇಷನ್ ಫ್ಯಾನ್ ಒಂದು ಕಟಕಟ ಅಂತಿದೆ. ಎಣ್ಣೆ ಬಿಟ್ರೆ ಸರಿಹೋಗುತ್ತಾ?"

ಗಂಡನಿಗೆ ಉಸಿರು ಸಡಿಲವಾಯಿತು. ಬೇರಿಂಗ್ ಸವೆದಿರಬಹುದು ಅಂದ. ಕೆಪಾಸಿಟರ್ ಅಂದ. ಎಣ್ಣೆ ಬಿಡುವ ತಪ್ಪು ಯಾರೂ ಮಾಡಬಾರದು ಅಂದ. ಇನ್ಸ್‌ಪೆಕ್ಟರ್ ಕೇಳುತ್ತಲೇ ಹೋದರು. ಅವನು ಹೇಳುತ್ತಲೇ ಹೋದ. ಹೇಳುತ್ತಾ ಹೇಳುತ್ತಾ ಅವನ ಕೈ ಬಲಗಾಲಿನ ಚಪ್ಪಲಿಯನ್ನು ಎತ್ತಿಕೊಂಡಿತು. ಹೆಬ್ಬೆರಳು ಆ ಗಂಟಿನ ಮೇಲೆ ಓಡಾಡಿತು. ಉಗುರು ತಂತಿಯ ತುದಿ ಹುಡುಕಿತು. ಬಿಚ್ಚಿದ. ನೇರ ಮಾಡಿದ. ಸುತ್ತಿದ. ಸುತ್ತಿನ ಪಕ್ಕ ಸುತ್ತು, ಕೊನೆಗೊಂದು ತಿರುಚು, ಇಕ್ಕಳದಲ್ಲಿ ಒಂದು ಒತ್ತು. ಜೋಡಿಯ ಪಕ್ಕಕ್ಕೆ ನೀಟಾಗಿ ಇಟ್ಟ.

ಎರಡೂ ಚಪ್ಪಲಿ ಈಗ ಒಂದೇ ಹಾಗಿದ್ದವು.

ಮೋಟರ್ ಒಂದೇ ಸದ್ದು ಮಾಡುತ್ತಿತ್ತು.

"ಯಾರೋ ಹಾಳು ಮಾಡಿದ್ರು ಸಾರ್," ಅಂದ. "ನಾನು ಹಂಗೆ ಸುತ್ತಲ್ಲ."

"ನೀನು ನೋಡೇ ಇಲ್ಲ ಅಂದ್ಯಲ್ಲ. ಹೆಂಗೆ ಸುತ್ತಿದ್ದೆ ಅಂತ ಹೆಂಗಪ್ಪ ಗೊತ್ತು?"

ಅವನ ಮುಖದಲ್ಲಿದ್ದ ಮೆದುತನ ಕಳಚಿಬಿತ್ತು.

"ಹೆಂಡ್ತಿ ಚಪ್ಪಲಿ ರಿಪೇರಿ ಮಾಡಿದ್ರೆ ಯಾವ ಕಾನೂನಲ್ಲಿ ತಪ್ಪು?"

"ರಿಪೇರಿ ತಪ್ಪಲ್ಲ. ಹೋಗ್ಬಾರ್ದು ಅಂತ ಕೋರ್ಟ್ ಹೇಳಿರೋ ಜಾಗಕ್ಕೆ ಹೋಗಿದ್ದು ತಪ್ಪು. ಆ ಮನೆ ಯಾರು ತೋರಿಸಿದ್ರು?"

ಈಗ ಅವನು ನಕ್ಕ. ನೋಡಿದ್ದು ಇನ್ಸ್‌ಪೆಕ್ಟರನ್ನಲ್ಲ, ಜೀಪಿನಲ್ಲಿ ಕೂತವಳನ್ನು.

"ಅವರಲ್ಲೇ ಒಬ್ರು ಹೇಳಿದ್ರು. ಯಾರು ಅಂತ ಹೇಳಲ್ಲ. ಹಂಗಂತ ಅವಳಿಗೆ ತಿಳಿಸ್ಬಿಡಿ ಸಾಕು."

* * *

ಅಪರಾಧಿ ಸಿಕ್ಕಿದ. ಆದರೆ ಟೀಚರ್ ಕೇಳಿದ್ದ ಪ್ರಶ್ನೆ ಅದಲ್ಲ.

ಕಾರ್ಡಕ್ಕ ಬೀದಿಯ ತಿರುವಿನಲ್ಲೇ ಜೀಪಿನಿಂದ ಇಳಿದಳು. ಆಟೋ ಮಾವನಾ? ದೊಡ್ಡಮ್ಮ ಯಾರಿಗಾದರೂ ಬಾಯಿತಪ್ಪಿ ಅಂದರಾ? ಇಲ್ಲ, ತಾನೇ ಎಲ್ಲೋ ಎಡವಿದೆನಾ? ಒಂದೊಂದು ಹೆಜ್ಜೆಗೂ ಒಬ್ಬೊಬ್ಬರ ಮೇಲೆ ಅನುಮಾನ ಹುಟ್ಟಿತು. ಹತ್ತು ಹೆಜ್ಜೆ ನಡೆದವಳು ಗಕ್ಕನೆ ನಿಂತಳು. ಅವನಿಗೆ ಬೇಕಾದದ್ದೂ ಇದೇ! ಹೇಳಿದವರು ಯಾರೂ ಇಲ್ಲದಿದ್ದರೂ ಅವನು ಇದೇ ಮಾತು ಹೇಳುತ್ತಿದ್ದ.

ಸರಿ. ಯಾರೂ ಹೇಳಿಲ್ಲ ಅಂದುಕೊಳ್ಳೋಣ. ಹಾಗಾದರೆ ಹುಡುಕುವುದು ಹೇಗೆ?

ಎದುರು ಬದಿಗೆ ಹೋದಳು. ಆ ಮನೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಬೋರ್ಡಿಲ್ಲ. ಪರದೆ ಮುಚ್ಚಿದೆ. ಎಲ್ಲ ಮನೆಗಳಂಥದೇ ಮನೆ. ಪಕ್ಕದ ಮನೆ ಮೆಟ್ಟಿಲು ನೋಡಿದಳು. ಒಂದು ಜೊತೆ ಗಂಡಸಿನ ಬೂಟು, ಹವಾಯಿ ಚಪ್ಪಲಿ, ಮಕ್ಕಳ ಸ್ಯಾಂಡಲ್ಲು, ಒಂಟಿ ಕಾಲಿನದು ಮಗುಚಿ ಬಿದ್ದಿದೆ. ಅದರಾಚೆ ಮನೆಯಲ್ಲೂ ಅದೇ ಚೆಲ್ಲಾಪಿಲ್ಲಿ.

ಮತ್ತೆ ತಮ್ಮ ಮನೆಯ ಮೆಟ್ಟಿಲು.

ನೀಲಿ. ನೀಲಿ. ನೀಲಿ. ಉದ್ದಕ್ಕೂ ನೀಲಿ. ಎಲ್ಲ ಹೆಂಗಸರವೇ.

"ಅಯ್ಯೋ ನಮ್ಮ ಬುದ್ಧಿಗಿಷ್ಟು!" ಅಂದಳು ಕಾರ್ಡಕ್ಕ, ನಡುಬೀದಿಯಲ್ಲಿ, ಗಟ್ಟಿಯಾಗಿ.

ಎದುರುಮನೆಯ ಅಜ್ಜಿ ಕಿಟಕಿ ತೆರೆದರು. "ಏನಮ್ಮ ಆಯ್ತು?"

"ಅಜ್ಜಿ, ಈ ಬೀದೀಲಿ ಪಂಪು ಮೋಟರು ರಿಪೇರಿಯೋನು ಓಡಾಡ್ತಿದ್ನಾ?"

"ಬರ್ತಿದ್ನಮ್ಮ. ಮೋಟರ್ ರಿಪೇರಿ ಅಂತ ಕೂಗೋನು. ನಮ್ಮದು ಕೆಟ್ಟಿದೆ ನೋಡಪ್ಪಾ ಅಂದ್ರೆ ಹಿಂತಿರುಗಿ ನೋಡ್ದೆ ಹೋದ. ದುಡಿಮೆ ಬೇಡದ ರಿಪೇರಿಯೋನನ್ನ ಇದೇ ಮೊದ್ಲು ಕಂಡಿದ್ದು."

* * *

ಟೀಚರ್ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಾರ್ಡಕ್ಕ ಆಟೋ ಮಾವನನ್ನೂ ಫೋನ್ ಮಾಡಿ ಕರೆಸಿದ್ದಳು. ಅವನು ಬಾಗಿಲ ಹೊರಗೇ ನಿಂತ. ಇನ್ಸ್‌ಪೆಕ್ಟರ್ ಗೋಡೆಗೆ ಒರಗಿದರು.

"ಇಲ್ಲಿಗೆ ಬರೋರೆಲ್ಲ ಹೇಗೆ ಬರ್ತಾರೆ?" ಕಾರ್ಡಕ್ಕ ಶುರುಮಾಡಿದಳು. "ಬರಿಗಾಲಲ್ಲಿ. ಇಲ್ಲ, ಹರಿದ ಚಪ್ಪಲೀಲಿ. ಬಂದ ದಿನವೇ ದೊಡ್ಡಮ್ಮ ಹೊಸ ಜೊತೆ ಕೊಡ್ತಾರೆ."

"ಕೊಡ್ದೆ?" ದೊಡ್ಡಮ್ಮ ಅಂದರು. "ಎಲ್ರಿಗೂ ಒಂದೇ ಥರದ್ದು. ಒಬ್ಬಳಿಗೆ ಚೆಂದದ್ದು, ಇನ್ನೊಬ್ಬಳಿಗೆ ಸಾದಾದ್ದು ಅಂತ ಯಾರ ಮನಸ್ಸೂ ನೋಯಬಾರ್ದು."

"ಟೀಚರ್ ಹೋದ ಸಲ ಕೋರ್ಟಿಗೆ ಹೋದಾಗ ಧೈರ್ಯಕ್ಕೆ ಅಂತ ಈ ಮನೆಯ ಇಬ್ಬರನ್ನ ಜೊತೆಗೆ ಕಳಿಸಿದ್ವಿ. ಮೂರೂ ಜನ ಒಂದೇ ಬೆಂಚಲ್ಲಿ. ಅವನು ಎದುರು ಬೆಂಚಲ್ಲಿ ತಲೆ ಬಗ್ಗಿಸಿ ಕೂತಿದ್ದ. ಅಮ್ಮ ಪಾಪ ಅಂದ್ಕೊಂಡ್ರು. ನಮ್ಮ ವಕೀಲರೂ ನಾಚಿಕೆ ಅಂದ್ಕೊಂಡ್ರು. ಅವನು ನಾಚ್ಕೊಂಡಿರ್ಲಿಲ್ಲ. ಕಾಲು ನೋಡ್ತಿದ್ದ. ಬೇರೆ ಬೇರೆ ಮನೆ ಹೆಂಗಸರು, ಒಂದೇ ಹೊಸ ಚಪ್ಪಲಿ. ಅಂದ್ರೆ ಒಂದೇ ಕಡೆ ಇರೋರು. ಆಮೇಲೆ ರಿಪೇರಿ ನೆಪದಲ್ಲಿ ಬೀದಿ ಬೀದಿ ಸುತ್ತಿದಾನೆ. ಹೆಸರು ಕೇಳ್ಲಿಲ್ಲ, ಅಡ್ರೆಸ್ ಕೇಳ್ಲಿಲ್ಲ. ಮೆಟ್ಟಿಲು ನೋಡ್ಕೊಂಡು ಹೋದ. ಎದುರುಮನೆ ಅಜ್ಜಿ ಅವನನ್ನ ನೋಡಿದಾರೆ."

"ನಾನೂ ಫೋಟೋ ತೋರಿಸ್ದೆ. ಅವನೇ," ಅಂದರು ಇನ್ಸ್‌ಪೆಕ್ಟರ್.

"ಮಾವ ಬಾಗಿಲಿಗೆ ಬಿಟ್ಟಿದ್ದು ತಪ್ಪೇ. ಆದ್ರೆ ಅವತ್ತು ಯಾರೂ ಹಿಂದೆ ಬಂದಿರ್ಲಿಲ್ಲ. ಬಂದಿದ್ರೆ ಅವನು ಇಷ್ಟೆಲ್ಲ ಬೀದಿ ಯಾಕೆ ಸವೆಸ್ತಿದ್ದ?"

ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

"ನಾನು ಕೊಟ್ಟಿದ್ದೇ..." ಅಂದರು.

"ಹಾಗಾದ್ರೆ ಯಾರೂ ಹೇಳಿಲ್ವಾ?" ಟೀಚರ್ ಕೇಳಿದಳು. ಅವಳ ಮುಖದಲ್ಲಿ ಸಮಾಧಾನ ಇರಲಿಲ್ಲ. ನಂಬಬೇಕೋ ಬೇಡವೋ ಎಂದು ತಿಳಿಯದ ಒಂದು ಒದ್ದಾಟವಿತ್ತು.

"ಯಾರೂ ಹೇಳಿಲ್ಲ."

"ಅವನು ಯಾರೋ ಹೇಳಿದ್ರು ಅಂದ್ನಂತೆ."

"ಅಂದ. ನೀನು ನಂಬ್ಲಿ ಅಂತ."

ಟೀಚರ್ ಬ್ಯಾಗನ್ನು ತೊಡೆಯಿಂದ ಕೆಳಗಿಟ್ಟಳು. "ಬೆಳಗ್ಗೆ ಆ ತಂತಿ ನೋಡಿದಾಗ ಒಂದು ಕ್ಷಣ, ಎಷ್ಟು ಚೆನ್ನಾಗಿ ಮಾಡಿದಾನೆ ಅನ್ನಿಸ್ತು ಅಕ್ಕ. ಭಯ ಅದಕ್ಕೇ ಆಯ್ತು. ನನಗೆ ಏನಾಗಿದೆ ಅಂತ ನನಗೇ ಅರ್ಥ ಆಗ್ತಿಲ್ಲ."

"ಇವತ್ತೇ ಅರ್ಥ ಆಗ್ಬೇಕು ಅಂತೇನಿಲ್ಲ."

ಟೀಚರ್ ಎದ್ದಳು. ದೊಡ್ಡಮ್ಮನ ಹತ್ತಿರ ಹೋಗಿ, ಸರಿಯಿದ್ದ ಕೈಯಿಂದ ಅವರ ಕೆನ್ನೆ ಒರೆಸಿದಳು. ಬಾಗಿಲಿಗೆ ಬಂದಳು.

"ಮಾವ, ಬೆಳಗ್ಗೆ ನಿಮ್ಮನ್ನ ಹಂಗೆ ನೋಡಬಾರ್ದಿತ್ತು."

"ಬಿಡಮ್ಮ. ನನ್ನ ಮೀಸೆ ನೋಡಿ ನಮ್ಮನೆಯೋಳೂ ಹಂಗೇ ನೋಡ್ತಾಳೆ."

"ಆಟೋ ತೆಗೀರಿ. ಕೋರ್ಟಿಗೆ ಹೊತ್ತಾಯ್ತು."

* * *

ಇನ್ಸ್‌ಪೆಕ್ಟರ್ ವರದಿ ಓದಿದ ಜಡ್ಜ್, ಗಂಡನ ಮೇಲೆ ಆರ್ಡರ್ ಮುರಿದ ಕೇಸು ಬೇರೆಯೇ ನಡೆಯುತ್ತದೆ ಅಂದರು. ಆ ಮನೆಯನ್ನು ಕೂಡಲೇ ಬದಲಿಸಲು ಪೊಲೀಸರು ನೆರವಾಗಬೇಕು ಅಂದರು. ಗಂಡನ ವಕೀಲ ಎದ್ದು, ಇದು ಮನೆಮಂದಿ ಕೂತು ಬಗೆಹರಿಸಿಕೊಳ್ಳುವ ವಿಷಯ, ನನ್ನ ಕಕ್ಷಿದಾರ ಎಲ್ಲ ಸರಿಮಾಡಲು ತಯಾರಿದ್ದಾನೆ ಅಂದ.

ಜಡ್ಜ್ ಟೀಚರ್ ಕಡೆ ತಿರುಗಿದರು. "ನೀವೇನಮ್ಮ ಹೇಳ್ತೀರಿ, ರಾಜಿಗೆ ಒಪ್ತೀರಾ? ಹೌದು, ಇಲ್ಲ ಅಂದ್ರೆ ಸಾಕು."

ಟೀಚರ್ ಕಟಕಟೆಯ ಅಂಚು ಹಿಡಿದುಕೊಂಡಳು. ಒಮ್ಮೆ ಕಾರ್ಡಕ್ಕನ ಕಡೆ ನೋಡಿದಳು. ಅವಳು ತಲೆ ಆಡಿಸಲಿಲ್ಲ, ಸನ್ನೆ ಮಾಡಲಿಲ್ಲ, ಸುಮ್ಮನೆ ಇದ್ದಳು.

"ಹೌದು, ಇಲ್ಲ ಅಂತ ಆಗಲ್ಲ ಸಾರ್," ಅಂದಳು ಟೀಚರ್. "ಮದುವೆಯಾದ ವರ್ಷದಿಂದ ಶುರು ಮಾಡ್ಬೇಕು. ನನಗೇ ಅಲ್ಲಲ್ಲಿ ಗೊಂದಲ ಇದೆ, ಹಿಂದೆ ಮುಂದೆ ಆಗ್ಬಹುದು. ಹೊತ್ತು ಹಿಡಿಯುತ್ತೆ. ಪರವಾಗಿಲ್ವಾ?"

ಜಡ್ಜ್ ಮುಂದಿನ ಕೇಸಿನ ಕಟ್ಟನ್ನು ಪಕ್ಕಕ್ಕೆ ಸರಿಸಿದರು.

"ಅವರಿಗೊಂದು ಕುರ್ಚಿ ಹಾಕಿ," ಅಂದರು.